ಬಾಕ್ಸಿನೊಳಗೆ ಎಷ್ಟು ಜನ?

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ನನ್ನ ವಿಷಯ ‘ಭಾರತೀಯ ಫುಟ್‌ಬಾಲ್: ಸವಾಲುಗಳು ಮತ್ತು ಸಾಧ್ಯತೆಗಳು’ ಅಂತ ಅಚ್ಚಾಗಿದೆ. ಆ ಹೆಸರಿಟ್ಟವನು ನಾನಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿದಾಗ, “ನಮ್ಮವರು ಯಾಕೆ ಗೋಲು ಹೊಡೆಯಲ್ಲ ಅಂತ ಮಾತಾಡ್ತೀನಿ ಸಾರ್” ಅಂದಿದ್ದೆ. ಪ್ರೆಸ್ಸಿಗೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ಪಂಚೆ ಶಲ್ಯ ಹೊದಿಸಿದ್ದಾರೆ. ನಾನು ಮೊದಲು ಒಪ್ಪಿಕೊಂಡದ್ದನ್ನೇ ಮಾತಾಡುತ್ತೇನೆ.

2025ರ ನವೆಂಬರ್ 18ರ ರಾತ್ರಿ ನಿಮ್ಮಲ್ಲಿ ಬಹಳ ಜನರಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1. ಹನ್ನೊಂದನೇ ನಿಮಿಷಕ್ಕೆ ಗೋಲು ತಿಂದು, ಉಳಿದ ಎಂಬತ್ತು ನಿಮಿಷ ಚೆಂಡನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸಾಗಿಸಿದೆವು. ಪಂದ್ಯ ಮುಗಿಯುವ ಮೊದಲೇ ನನ್ನ ತಂಗಿಯ ಮಗನ ಮೆಸೇಜ್ ಬಂತು: “ಮಾಮಾ, ಈ ಕೋಚನ್ನೂ ಕಿತ್ತುಹಾಕಬೇಕು.” ಆ ‘ಈ ಕೋಚನ್ನೂ’ ಅನ್ನುವುದರಲ್ಲಿ ಒಂದು ‘ಊ’ ಇದೆಯಲ್ಲ, ನಾನು ಇವತ್ತು ಇಲ್ಲಿ ನಿಂತಿರುವುದು ಅದರಿಂದ.

ಭಾರತ ತಂಡದ ಕೋಚುಗಳ ಲೆಕ್ಕ ಹಾಕಿ. ಸ್ಟೀಫನ್ ಕಾನ್‌ಸ್ಟಂಟೈನ್ 2019ರ ಜನವರಿಯಲ್ಲಿ ಹೋದರು. ಇಗೊರ್ ಸ್ಟಿಮ್ಯಾಕ್ ಬಂದರು, ಐದು ವರ್ಷ ಇದ್ದರು, 2024ರ ಜೂನ್‌ನಲ್ಲಿ ತೆಗೆದರು. ಮನೋಲೊ ಮಾರ್ಕೆಸ್ ಬಂದರು, ಒಂದು ವರ್ಷಕ್ಕೆ ಅವರೂ ಸಾಕಪ್ಪ ಅಂದರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಒಬ್ಬ ಇಂಗ್ಲಿಷಿನವ, ಒಬ್ಬ ಕ್ರೊಯೇಷಿಯಾದವ, ಒಬ್ಬ ಸ್ಪೇನಿನವ, ಒಬ್ಬರು ನಮ್ಮವರೇ. ನಾಲ್ವರಿಗೂ ನಾವು ಒಂದೇ ಬೈಗುಳ ಬೈದಿದ್ದೇವೆ: “ಅಟ್ಯಾಕ್ ಮಾಡೋದು ಗೊತ್ತಿಲ್ಲ ಇವನಿಗೆ.” ಇಷ್ಟು ವರ್ಷದಲ್ಲಿ ಬೈಗುಳವನ್ನಾದರೂ ಬದಲಾಯಿಸಬಹುದಿತ್ತು ನಾವು.

ನಾನೂ ಬೈದವನೇ. ಕಾನ್‌ಸ್ಟಂಟೈನ್ ಕಾಲದಲ್ಲಿ ಹಿಂದಿನಿಂದ ಎತ್ತಿ ಹೊಡೆಯೋದು, ಮುಂದೆ ಓಡೋದು. ಆಗ ನಾವೆಲ್ಲ “ಇದೇನ್ರೀ ಗಾಳಿಪಟ ಹಾರಿಸ್ತಾವ್ರೆ, ಚೆಂಡನ್ನ ಕೆಳಗಿಟ್ಟು ಆಡಿ” ಅಂದೆವು. ಸ್ಟಿಮ್ಯಾಕ್ ಬಂದು ಕೆಳಗಿಟ್ಟು ಆಡಿಸಿದರು. ಗೋಲಿಯಿಂದ (ಗೋಲ್‌ಕೀಪರ್) ಹಿಂದೆ ನಿಂತು ಕಾಯುವ ಸ್ಟಾಪರ್‌ಗೆ, ಸ್ಟಾಪರ್‌ನಿಂದ ಇನ್ನೊಬ್ಬ ಸ್ಟಾಪರ್‌ಗೆ, ಮತ್ತೆ ಗೋಲಿಗೆ. ಆಗ ನಾವು “ಎತ್ತಿ ಹೊಡಿಯೋ ಮಾರಾಯ!” ಅಂತ ಕಿರುಚಿದೆವು. 2019ರ ಏಷ್ಯನ್ ಕಪ್‌ನಲ್ಲಿ ಅದೇ ಗಾಳಿಪಟದ ಆಟ ಥಾಯ್ಲೆಂಡಿಗೆ ನಾಲ್ಕು ಗೋಲು ಹೊಡೆದಿತ್ತು. ಆವತ್ತು ನಾವ್ಯಾರೂ ಗಾಳಿಪಟ ಅನ್ನಲಿಲ್ಲ. ಮೂರನೇ ಪಂದ್ಯದಲ್ಲಿ ಬಹ್ರೇನ್ ಎದುರು ಡ್ರಾ ಮಾಡಿಕೊಂಡಿದ್ದರೆ ಸಾಕಿತ್ತು, ಕಟ್ಟೆಯ ಮೇಲೆ ಕೂತ ಹಾಗೆ ಹಿಂದೆ ಕೂತೆವು, 91ನೇ ನಿಮಿಷಕ್ಕೆ ಪೆನಾಲ್ಟಿ ಕೊಟ್ಟು ಮನೆಗೆ ಬಂದೆವು. ಕೋಚ್ ಅಲ್ಲೇ ರಾಜೀನಾಮೆ ಹೇಳಿದರು.

ಎತ್ತಿ ಹೊಡೆದರೂ ಬೈಗುಳ, ಕೆಳಗಿಟ್ಟರೂ ಬೈಗುಳ. ಹಾಗಾದರೆ ನಮಗೆ ಸಿಟ್ಟು ಬರುತ್ತಿರುವುದು ಯಾವುದರ ಮೇಲೆ? ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ, ಹುಣಸೆ ಬೀಜದಿಂದ ಸಿಕ್ಕಿದ್ದು.

ನಾನು ಹುಡುಗನಾಗಿದ್ದಾಗ ನಮಗೆ ಆಟ ಕಲಿಸಿದ ಮಾಸ್ಟ್ರು ಒಬ್ಬರಿದ್ದರು. ಹಲಸೂರಿನ ಗೌತಮಪುರದವರು. ಪೆಲೆಯ ವಿಗ್ರಹ ನಿಲ್ಲಿಸಿರುವ ಬಡಾವಣೆ, ಗೊತ್ತಲ್ಲ ನಿಮಗೆ. ಅರ್ಧ ತಮಿಳು, ಕಾಲು ಕನ್ನಡ, ಕಾಲು ಉರ್ದು, ಬೈಯುವಾಗ ಮೂರೂ. ನಾನು ಎಡಗಡೆ ವಿಂಗ್. ಬಹಳ ವರ್ಷ ನನ್ನ ಜಾಗ ವಿಂಗ್ ಅಲ್ಲ, ಬೆಂಚು. ಬೆಂಚಿನಲ್ಲಿ ಕೂತವರು ಸುಮ್ಮನೆ ಕೂರುವಂತಿರಲಿಲ್ಲ. ಪ್ರತಿಯೊಬ್ಬನ ಎಡ ಜೇಬಿಗೂ ಒಂದು ಹಿಡಿ ಹುಣಸೆ ಬೀಜ ಹಾಕುತ್ತಿದ್ದರು. ನಮ್ಮ ವಿಂಗರ್ ಸೆಂಟರ್ ಹೊಡೆದ ಗಳಿಗೆಯಲ್ಲಿ (ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸಿದಾಗ; ಆಗ ಕ್ರಾಸ್ ಅನ್ನುತ್ತಿರಲಿಲ್ಲ, ಸೆಂಟರ್) ಎದುರಾಳಿಯ ಪೆನಾಲ್ಟಿ ಬಾಕ್ಸಿನೊಳಗೆ ನಮ್ಮವರು ಎಷ್ಟು ಜನ ಇದ್ದಾರೋ ಅಷ್ಟು ಬೀಜ ಬಲ ಜೇಬಿಗೆ. ಹಾಫ್ ಟೈಮಿನಲ್ಲಿ ಬಲ ಜೇಬು ಖಾಲಿ ಮಾಡಿಸಿ ಎಣಿಸುವರು. ಒಂದು ಸೆಂಟರಿಗೆ ಮೂರು ಬೀಜ ಬರಬೇಕು. ಬರದಿದ್ದರೆ ಆಡಿದ ಹನ್ನೊಂದು ಜನಕ್ಕೂ ಬೈಗುಳ, ಎಣಿಸಿದ ನಮಗೆ ಮಾತ್ರ ಕಿತ್ತಳೆ ಹಣ್ಣು. ಹಾಗಾಗಿ ನಾನು ಸುಳ್ಳು ಎಣಿಸುತ್ತಿರಲಿಲ್ಲ. ಕಿತ್ತಳೆ ಹೇಗೂ ಸಿಗುತ್ತಿತ್ತು.

ಈಗ 2023ಕ್ಕೆ ಬನ್ನಿ. ಜೂನ್ 21, ಕಂಠೀರವ. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ, ಭಾರತ-ಪಾಕಿಸ್ತಾನ, ಮೇಲಿಂದ ಮಳೆ. ಮಾಸ್ಟ್ರಿಗೆ ಎಂಬತ್ತು ದಾಟಿತ್ತು, ಆದರೂ ಬರುತ್ತೇನೆ ಅಂದರು. ಆಟೋದಲ್ಲಿ ಕರೆದುಕೊಂಡು ಹೋದೆ. ಕಂಠೀರವದ ಕಥೆ ನಿಮಗೆ ಗೊತ್ತು, ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕು, ಸ್ಟ್ಯಾಂಡಿನಿಂದ ಆಟಗಾರರು ಬೆರಳುದ್ದ ಕಾಣುತ್ತಾರೆ. ಮಾಸ್ಟ್ರು ಕನ್ನಡಕ ಒರೆಸಿಕೊಂಡು, ಹೊರಗೆ ಕೊಂಡ ಕಡಲೆಕಾಯಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹತ್ತನೇ ನಿಮಿಷಕ್ಕೆ ನಮ್ಮ ನಾಯಕ ಸುನಿಲ್ ಛೆಟ್ರಿ ಗೋಲು. ಸ್ಟೇಡಿಯಂ ಎದ್ದು ನಿಂತಿತು, ನಾನೂ ನಿಂತೆ. ಮಾಸ್ಟ್ರು ಕೂತೇ ಇದ್ದರು. “ಅದು ಗೋಲಿ ಕೊಟ್ಟಿದ್ದು” ಅಂದರು. ನಿಜ, ಅವರ ಗೋಲಿಯ ತಪ್ಪೇ ಅದು. ಹದಿನಾರನೇ ನಿಮಿಷಕ್ಕೆ ಪೆನಾಲ್ಟಿ, ಮತ್ತೆ ಛೆಟ್ರಿ, ಎರಡು. “ಅದು ರೆಫ್ರಿ ಕೊಟ್ಟಿದ್ದು.” ನನಗೆ ಸ್ವಲ್ಪ ಕೋಪ ಬಂತು. ಪಾಕಿಸ್ತಾನದ ಮೇಲೆ ಎರಡು ಗೋಲು ಮುಂದಿರುವಾಗ ಪಕ್ಕದಲ್ಲಿ ಇಂಥವರನ್ನು ಕೂರಿಸಿಕೊಳ್ಳಬಾರದು.

ಹಾಫ್ ಟೈಮಿಗೆ ಸ್ವಲ್ಪ ಮೊದಲು ಆ ಪ್ರಸಂಗ. ಪಾಕಿಸ್ತಾನದ ಹುಡುಗ ಥ್ರೋ ಹಾಕಲು ಚೆಂಡೆತ್ತಿಕೊಂಡಿದ್ದಾನೆ, ನಮ್ಮ ಸ್ಟಿಮ್ಯಾಕ್ ಹಿಂದಿನಿಂದ ಬಂದು ಅವನ ಕೈಯಿಂದ ಚೆಂಡನ್ನು ತಟ್ಟಿಬಿಟ್ಟರು. ತಳ್ಳಾಟ, ನೂಕಾಟ, ಕೆಂಪು ಕಾರ್ಡು, ಕೋಚ್ ಹೊರಗೆ. ಸ್ಟೇಡಿಯಂ ಅವರ ಹೆಸರು ಕೂಗುತ್ತಿದೆ. ನನ್ನ ಹಿಂದಿನ ಸಾಲಿನ ಹುಡುಗನೊಬ್ಬ ಅವರ ಫೋಟೊವನ್ನು ಮನೆಯಲ್ಲಿ ದೇವರ ಪಕ್ಕದಲ್ಲಿ ಇಡುತ್ತೇನೆ ಅಂತ ಪ್ರಮಾಣ ಮಾಡುತ್ತಿದ್ದ. ಅದೇ ಹುಡುಗ ಎಂಟು ತಿಂಗಳಾದ ಮೇಲೆ ಏನಂದಿರಬಹುದು ಅಂತ ನನಗೆ ಈಗಲೂ ಕುತೂಹಲ. ಮಾಸ್ಟ್ರು ನನ್ನ ಕಡೆ ತಿರುಗಿ, “ನೋಡಪ್ಪಾ, ಇವತ್ತು ಬಾಲಿಗೆ ಅಂತ ಓಡಿದ್ದು ಕೋಚ್ ಒಬ್ಬನೇ” ಅಂದರು.

ಕೊನೆಗೆ 4-0. ಛೆಟ್ರಿ ಹ್ಯಾಟ್ರಿಕ್, ಅದರಲ್ಲಿ ಎರಡು ಪೆನಾಲ್ಟಿ, ನಾಲ್ಕನೆಯದು ಉದಾಂತ ಸಿಂಗ್ ಓಡಿ ಹೋಗಿ ಹೊಡೆದಿದ್ದು. ಅದೊಂದಕ್ಕೆ ಮಾಸ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಚೆ ಬರುವಾಗ ಕೇಳಿದೆ, “ಎಣಿಸಿದ್ರಾ ಮಾಸ್ಟ್ರೇ?” “ಎಣಿಸಿದೆ. ಸೆಂಟರಿಗೆ ಒಂದೂವರೆ ಬರ್ತದೆ.” “ಒಂದೂವರೆ ಹೇಗೆ ಬರುತ್ತೆ?” “ಒಬ್ಬ ಇರ್ತಾನೆ. ಇನ್ನೊಬ್ಬ ಬರೋಣವಾ ಬೇಡವಾ ಅಂತ ಗೆರೆ ಮೇಲೆ ನಿಂತಿರ್ತಾನೆ.” ಲೆಕ್ಕ ತೋರಿಸಿ ಅಂದೆ. ಪೊಟ್ಟಣ ಖಾಲಿ. ಎಣಿಸಿದ ಕಡಲೆಕಾಯಿಯನ್ನೆಲ್ಲ ತಿಂದುಬಿಟ್ಟಿದ್ದರು.

ಈ ಕಥೆ ಉದ್ದವಾಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಆದರೆ ನನ್ನ ಇಡೀ ಉಪನ್ಯಾಸ ಈ ‘ಒಂದೂವರೆ’ಯಲ್ಲೇ ಇದೆ.

ಆ ಟೂರ್ನಿ ಗೆದ್ದೆವು. ಸೆಮಿಫೈನಲ್, ಫೈನಲ್ ಎರಡೂ ಪೆನಾಲ್ಟಿ ಶೂಟೌಟಿನಲ್ಲಿ. ಅಂದರೆ ಕೊನೆಯ ಎರಡು ಪಂದ್ಯಗಳ ನಾಲ್ಕು ಗಂಟೆ ಆಟದಲ್ಲಿ ನಾವು ಹೊಡೆದದ್ದು ಒಂದು ಗೋಲು. ಕಪ್ ಬಂದಿತ್ತಲ್ಲ, ಯಾರೂ ಎಣಿಸಲಿಲ್ಲ. ಆರು ತಿಂಗಳಾದ ಮೇಲೆ ಏಷ್ಯನ್ ಕಪ್. ಆಸ್ಟ್ರೇಲಿಯಾ 0-2, ಉಜ್ಬೇಕಿಸ್ತಾನ 0-3, ಸಿರಿಯಾ 0-1. ಮೂರು ಪಂದ್ಯ, ಸೊನ್ನೆ ಗೋಲು. ಆಮೇಲೆ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು 1-2. ನಮ್ಮ ಆ ಒಂದು ಗೋಲೂ ಛೆಟ್ರಿಯ ಪೆನಾಲ್ಟಿ, ಅವರ ನೂರೈವತ್ತನೇ ಪಂದ್ಯದಲ್ಲಿ.

2024ರ ಇಡೀ ವರ್ಷ ಹನ್ನೊಂದು ಪಂದ್ಯ ಆಡಿದೆವು, ಒಂದೂ ಗೆಲ್ಲಲಿಲ್ಲ. ಹೊಡೆದದ್ದು ನಾಲ್ಕು ಗೋಲು. ಛೆಟ್ರಿಯ ಆ ಪೆನಾಲ್ಟಿ ಒಂದು. ದೋಹಾದಲ್ಲಿ ಕತಾರ್ ಎದುರು ಚಾಂಗ್ಟೆ ಒಂದು. ಅದೇ ಪಂದ್ಯದಲ್ಲಿ ಗೆರೆ ದಾಟಿ ಆಚೆ ಹೋದ ಚೆಂಡನ್ನು ಒಳಗೆಳೆದು ಅವರು ಗೋಲು ಮಾಡಿದರಲ್ಲ, ಅದನ್ನು ನೆನೆಸಿಕೊಂಡರೆ ನನಗೆ ರಕ್ತದೊತ್ತಡ ಏರುತ್ತದೆ, ಬಿಡಿ. ವಿಯೆಟ್ನಾಂ ಎದುರು ಫಾರೂಖ್ ಚೌಧರಿ ಒಂದು. ಮಲೇಷ್ಯಾ ಎದುರು ರಾಹುಲ್ ಭೇಕೆ ಒಂದು. ಭೇಕೆ ಯಾರು? ಸ್ಟಾಪರ್! ನಮ್ಮ ವರ್ಷದ ಗೋಲುಗಳಲ್ಲಿ ಕಾಲು ಭಾಗ ಹಿಂದೆ ನಿಂತು ಕಾಯುವವನದು.

ಆಮೇಲೆ ಏನು ಮಾಡಿದೆವು? ನಿವೃತ್ತಿ ಹೇಳಿ, ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಕಣ್ಣೀರಿಟ್ಟು ಹೋಗಿದ್ದ ಛೆಟ್ರಿಯನ್ನು ನಲವತ್ತನೇ ವಯಸ್ಸಿನಲ್ಲಿ ಮತ್ತೆ ಕರೆದುಕೊಂಡು ಬಂದೆವು. ಆ ಮನುಷ್ಯ ಬಂದ ಮೊದಲ ಪಂದ್ಯದಲ್ಲೇ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ತಲೆಯಿಂದ ಗೋಲು ಹೊಡೆದ, ತೊಂಬತ್ತೈದನೆಯದು. ಅಜ್ಜಿ ಊರಿಗೆ ಹೋದರೆ ಒಲೆ ಹಚ್ಚುವವರಿಲ್ಲ ಅಂತ ಅಜ್ಜಿಯನ್ನೇ ವಾಪಸ್ ಕರೆಸಿಕೊಂಡ ಮನೆ ನಮ್ಮದು. ಆರು ದಿನಕ್ಕೆ ಅದೇ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು 0-0.

ಈಗ ಕೋಚುಗಳ ಪರವಾಗಿ ಎರಡು ಮಾತು. ಸ್ವಲ್ಪ ಗೊಣಗಾಟ ಕೇಳಿಸುತ್ತಿದೆ, ಪರವಾಗಿಲ್ಲ. ಬಾಕ್ಸಿನೊಳಗೆ ನುಗ್ಗುವುದು ಅನ್ನುವುದು ಧೈರ್ಯದ ವಿಷಯ ಅಂತ ನಾವು ತಿಳಿದಿದ್ದೇವೆ. ಅದು ಅಭ್ಯಾಸದ ವಿಷಯ. ವಿಂಗರ್ ತಲೆ ಎತ್ತಿದ ಕೂಡಲೇ ಒಬ್ಬ ಹತ್ತಿರದ ಕಂಬಕ್ಕೆ, ಒಬ್ಬ ದೂರದ ಕಂಬಕ್ಕೆ, ಒಬ್ಬ ಪೆನಾಲ್ಟಿ ಚುಕ್ಕೆಯ ಹತ್ತಿರ ತಡವಾಗಿ. ಇದನ್ನು ಹತ್ತು ದಿನದ ಶಿಬಿರದಲ್ಲಿ ಕಲಿಸಲಿಕ್ಕಾಗುವುದಿಲ್ಲ, ವರ್ಷವಿಡೀ ಕ್ಲಬ್ಬಿನಲ್ಲಿ ಮಾಡಬೇಕು. ಕ್ಲಬ್ಬಿನಲ್ಲಿ ಆ ಜಾಗದಲ್ಲಿ ಯಾರು ನಿಂತಿದ್ದಾರೆ? ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಆರು ವಿದೇಶಿಯರು ಆಡಬಹುದಿತ್ತು, ಆಮೇಲೆ ಐದು, 2021ರಿಂದ ನಾಲ್ಕು. ನಾಲ್ಕೇ ಜನ ಅಂದಾಗ ಯಾವ ಮಾಲೀಕ ತಾನೆ ವಿದೇಶಿ ಬ್ಯಾಕ್ ತಂದು ದೇಶಿ ಸ್ಟ್ರೈಕರ್‌ನನ್ನು ನಂಬುತ್ತಾನೆ? 2014ರಿಂದ 2025ರವರೆಗೆ ಹನ್ನೊಂದು ಸೀಸನ್ ಆಗಿವೆ. ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಚಿನ್ನದ ಬೂಟು ಒಂದೇ ಒಂದು ಸಲ ಕೂಡ ಭಾರತೀಯನಿಗೆ ಸಿಕ್ಕಿಲ್ಲ. ಮನ್‌ವೀರ್ ಸಿಂಗ್ ಮೋಹನ್ ಬಾಗಾನಿನಲ್ಲಿ ಬಲಗಡೆ ಗೆರೆ ಹಿಡಿದು ಓಡುತ್ತಾನೆ. ದೇಶದ ಜೆರ್ಸಿ ಹಾಕಿದ ಕೂಡಲೇ, ಬಾರಪ್ಪ ನಡುವೆ ನಿಲ್ಲು ಅನ್ನುತ್ತೇವೆ. ವರ್ಷವೆಲ್ಲ ಸಾರು ಬಡಿಸಿದವನನ್ನು ಮದುವೆ ದಿನ ಹೋಳಿಗೆ ತಟ್ಟಲು ಕೂರಿಸಿದ ಹಾಗೆ.

ಹಾಗಂತ ಕೋಚನ್ನು ಪೂರ್ತಿ ಬಿಡುವವನಲ್ಲ ನಾನು. ಕೈಲಿ ಸ್ಟ್ರೈಕರ್ ಇಲ್ಲದವನು ಬೇರೆ ದಾರಿ ಹುಡುಕಬೇಕು. ಆಗ ಭಾರತದ ಕೋಚ್ ಆಗಿದ್ದ ಹೈದರಾಬಾದಿನ ರಹೀಂ ಸಾಹೇಬರು ಹುಡುಕಿದ್ದರು. 1962, ಜಕಾರ್ತ ಏಷ್ಯನ್ ಗೇಮ್ಸ್. ಜರ್ನೈಲ್ ಸಿಂಗ್, ನಮ್ಮ ಸ್ಟಾಪರ್, ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಹಿಂದೆ ಆಡಿಸುವುದು ಕಷ್ಟ. ಬೇರೆಯವರಾಗಿದ್ದರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲಿನಲ್ಲಿ ಗೋಲು, ಫೈನಲಿನಲ್ಲಿ ದಕ್ಷಿಣ ಕೊರಿಯಾ ಮೇಲೆ ಇನ್ನೊಂದು, 2-1, ಚಿನ್ನ. ನಮ್ಮ ಭೇಕೆಯನ್ನು ಮುಂದೆ ಕಳಿಸಿ ಅಂತ ಹೇಳುತ್ತಿಲ್ಲ ನಾನು. ಹೇಳುತ್ತಿಲ್ಲ ಅಂದೆನಾ? ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಮೊದಲ ಗೋಲು ಹೊಡೆದವನೂ ಭೇಕೆಯೇ.

ಚೀಟಿ ಬಂತು. ‘ಐದು ನಿಮಿಷ’ ಅಂತಿದೆ. ನನ್ನ ಹಾಳೆಯಲ್ಲಿ ಇನ್ನೂ ನಾಲ್ಕು ಅಂಶ ಇವೆ. ಎರಡನ್ನು ಬಿಡುತ್ತೇನೆ.

ಒಂದು, ಲೀಗು. 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಐಎಸ್‌ಎಲ್ ಆ ವರ್ಷ ಮುಗಿದರೂ ಶುರುವಾಗಲಿಲ್ಲ. ಹಕ್ಕು ಯಾರದು, ದುಡ್ಡು ಯಾರು ಹಾಕಬೇಕು ಅಂತ ಜಗಳ. ಆಡದ ಕಾಲಿನಿಂದ ಗೋಲು ಬರುತ್ತದೆಯೇ? ಜಮೀಲ್ ಆ ಹುಡುಗರನ್ನೇ ಕರೆದುಕೊಂಡು ಅಕ್ಟೋಬರ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು ಆಡಿದರು. ಮೊದಲು ಗೋಲು ಹೊಡೆದವರು ನಾವು, ಸೋತವರೂ ನಾವೇ, 1-2. 2027ರ ಏಷ್ಯನ್ ಕಪ್ ಆಸೆ ಅಲ್ಲಿಗೆ ಮುಗಿಯಿತು.

ಇನ್ನೊಂದು, ನಮ್ಮ ರಾಜ್ಯ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ 2023ರ ಮಾರ್ಚ್‌ನಲ್ಲಿ ಕರ್ನಾಟಕಕ್ಕೆ ಬಂತು, ಐವತ್ತನಾಲ್ಕು ವರ್ಷದ ಮೇಲೆ. ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2. ಒಂದು ಫೈನಲ್, ಮೂರು ಗೋಲು! ಮರುದಿನ ಬಸ್ಸಿನಲ್ಲಿ ಇದನ್ನು ಹೇಳಿದರೆ ಪಕ್ಕದವರು, “ಯಾರ ಬರ್ತ್‌ಡೇ ಸಾರ್?” ಅಂದರು. ಇದರ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಹೋಯಿತು.

ಮಾಸ್ಟ್ರು ಈಗಿಲ್ಲ. ಢಾಕಾ ಪಂದ್ಯದ ದಿನ ನಾನೊಬ್ಬನೇ ಟಿವಿ ಮುಂದೆ ಕೂತು ಎಣಿಸಿದೆ, ಎಡ ಜೇಬಿನಿಂದ ಬಲ ಜೇಬಿಗೆ. ಕೊನೆಯ ಹತ್ತು ನಿಮಿಷ ಬಿಟ್ಟರೆ ಅದೇ ಒಂದೂವರೆ. ನನ್ನ ಹೆಂಡತಿ ಮಾರನೇ ದಿನ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಲ್ಲಿ ಹುಣಸೆ ಬೀಜ ಸಿಕ್ಕಿ, “ಅರವತ್ತೇಳು ವರ್ಷಕ್ಕೆ ಇದೇನ್ರೀ” ಅಂತ ಕೇಳಿದಳು. ವಿವರಿಸಿದೆ. ಅವಳು ಹೇಳಿದ್ದು, “ಅಷ್ಟು ಜನ ಕೂತು ನೋಡ್ತೀರ, ಒಬ್ಬರಾದ್ರೂ ಆ ಕೋಚ್‌ಗೆ ಈ ಲೆಕ್ಕ ಕಳಿಸಿದ್ದೀರಾ?” ಇಲ್ಲ. ಬೈಗುಳ ಮಾತ್ರ ಕಳಿಸಿದ್ದೇವೆ.

ಎರಡನೇ ಚೀಟಿ ಬಂತು, ಇದರಲ್ಲಿ ಬರೀ ‘ಸಾರ್’ ಅಂತಿದೆ. ಮುಗಿಸಿದೆ. ಬಾಗಿಲ ಹತ್ತಿರ ಕಾಫಿ ಮೇಜಿನ ಮೇಲೆ ಸ್ಟೀಲ್ ಡಬ್ಬ ಇಟ್ಟಿದ್ದೇನೆ, ಹೋಗುವಾಗ ಒಬ್ಬೊಬ್ಬರು ಒಂದೊಂದು ಹಿಡಿ ತೆಗೆದುಕೊಂಡು ಹೋಗಿ. ಹುರಿದಿಲ್ಲ, ತಿನ್ನಬೇಡಿ. ನಮಸ್ಕಾರ.