320 ಮೆಟ್ಟಿಲು ಹತ್ತಿ ಒಂದು ನೀಲಿ ಫಲಕ ನೋಡಿದ್ದು

ಉಸಿರು ಕೇಳಿಸುತ್ತಿದೆಯಾ? ಗಾಳಿ ಅಲ್ಲ, ನಾನೇ. ಹ್ಯಾಂಪ್‌ಸ್ಟೆಡ್ ಸ್ಟೇಷನ್ ಲಂಡನ್ ಟ್ಯೂಬ್‌ನಲ್ಲೇ, ಅಂದರೆ ಇಲ್ಲಿನ ನೆಲದಡಿಯ ರೈಲಿನಲ್ಲೇ, ಎಲ್ಲಕ್ಕಿಂತ ಆಳದ್ದು, 58 ಮೀಟರ್ ಕೆಳಗಿದೆ. ಲಿಫ್ಟ್ ಇದೆ, ಚೆನ್ನಾಗಿಯೇ ಓಡುತ್ತದೆ. ಪಕ್ಕದಲ್ಲಿ 320 ಮೆಟ್ಟಿಲು, ತುರ್ತಿದ್ದರೆ ಮಾತ್ರ ಹತ್ತಿ ಅಂತ ಬೋರ್ಡು. ನನಗೆ ಯಾವ ತುರ್ತೂ ಇರಲಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ನಾನು, ಇದೇನು ಮಹಾ ಅಂದುಕೊಂಡೆ. ಆದರೆ ಬೆಟ್ಟದಲ್ಲಿ ಗಾಳಿ ಬೀಸುತ್ತದೆ, ನಡುವೆ ನಂದಿ ಸಿಗುತ್ತಾನೆ, ಕುಂಕುಮ ಹಚ್ಚುತ್ತಾ ಹತ್ತುವವರನ್ನು ನೋಡುವ ನೆಪದಲ್ಲಿ ನಿಲ್ಲಬಹುದು. ಇಲ್ಲಿ ಬಾವಿಯೊಳಗೆ ಸುತ್ತಿದ್ದೇ ಸುತ್ತಿದ್ದು, ಅದೇ ಗೋಡೆ, ಅದೇ ಕಂಬಿ, 150ರ ತನಕ ಎಣಿಸಿದೆ, ಆಮೇಲೆ ಲೆಕ್ಕವೂ ತಪ್ಪಿತು ತಲೆಯೂ ತಿರುಗಿತು, ಹಿಂದೆ ಇಳಿಯೋಣ ಅಂದರೆ ಅದಕ್ಕೂ ಅಷ್ಟೇ ಮೆಟ್ಟಿಲು. ನನ್ನ ಜೊತೆ ರೈಲು ಇಳಿದ ಒಬ್ಬರು ಅಜ್ಜಿ, ನಾನು ಮೇಲೆ ಬರುವಷ್ಟರಲ್ಲಿ ಹೂವು ಕೊಂಡು ಚಿಲ್ಲರೆ ಎಣಿಸುತ್ತಿದ್ದರು.

ಸರಿ, ಬಂದೆವು. ಲಂಡನ್ನಿನಲ್ಲಿ ಹೆಸರಾದವರು ವಾಸವಿದ್ದ ಮನೆ ಗೋಡೆಗೆ ಒಂದು ದುಂಡನೆ ನೀಲಿ ಫಲಕ ಹಾಕುತ್ತಾರೆ, ಅಂಥದ್ದೊಂದನ್ನು ನೋಡೋಕೆ ಬಂದದ್ದು. ಬ್ರಾಂಚ್ ಹಿಲ್ ರಸ್ತೆ, ದಿ ಚೆಸ್ಟ್‌ನಟ್ಸ್ ಅನ್ನೋ ಮನೆ. ಜನ ಇರುವ ಮನೆ, ಹಾಗಾಗಿ ಫುಟ್‌ಪಾತ್‌ನಿಂದಲೇ ಜೂಮ್.

ಕಾಣಿಸಿತಾ? ಪಾಲ್ ರೋಬ್ಸನ್, 1898-1976. ಕೆಳಗೆ, ಹಾಡುಗಾರ ಮತ್ತು ನಟ, ಇಲ್ಲಿ ವಾಸವಿದ್ದರು 1929-1930. ಅಷ್ಟೇ! ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ದನಿ ಎತ್ತಿ ತನ್ನ ಸಂಪಾದನೆಯನ್ನೇ ಕಳೆದುಕೊಂಡ ಮನುಷ್ಯ, ಅದರ ಬಗ್ಗೆ ಒಂದಕ್ಷರ ಇಲ್ಲ. ಜಿಪುಣರು.

ಫಲಕ ಮಾತ್ರ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಪಿಂಗಾಣಿ, ಹೆಚ್ಚುಕಡಿಮೆ ಅರ್ಧ ಮೀಟರ್ ಅಗಲ. ನಡುವೆ ಸ್ವಲ್ಪ ಉಬ್ಬಿದೆ ನೋಡಿ, ನಮ್ಮ ದೋಸೆ ಹೆಂಚನ್ನು ಬೋರಲು ಹಾಕಿದ ಹಾಗೆ. ಮಳೆ ಬಿದ್ದರೆ ಧೂಳು ತಾನೇ ತೊಳೆದು ಹೋಗಲಿ ಅಂತ. ಇಷ್ಟು ಜಾಗದಲ್ಲಿ ಎಷ್ಟು ಅಂತ ಬರೆಯೋದು, ಪಾಪ, ಅಲ್ವಾ?

ರೋಬ್ಸನ್ ಅವರ ಅಪ್ಪ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಮಗ ಕಾನೂನು ಓದಿ, ಅದನ್ನು ಬಿಟ್ಟು ಹಾಡಿದ. ಗುಲಾಮರು ಹೊಲದಲ್ಲಿ, ಚರ್ಚಿನಲ್ಲಿ ಹಾಡಿಕೊಳ್ಳುತ್ತಿದ್ದ ಹಾಡುಗಳನ್ನು ದೊಡ್ಡ ದೊಡ್ಡ ಸಭಾಂಗಣಕ್ಕೆ ತಂದ. ಆಮೇಲೆ ರಷ್ಯನ್, ಚೀನೀ, ವೆಲ್ಷ್ ಜನಪದ ಗೀತೆಗಳೂ ಬಂದವು. ಅಸ್ಸಾಮಿನ ಹಾಡುಗಾರ ಭೂಪೇನ್ ಹಜಾರಿಕಾ ಅವರ ಗಂಗೆಯ ಹಾಡು ಕೇಳಿದ್ದೀರಲ್ಲ, ಅದು ಹುಟ್ಟಿದ್ದೇ ರೋಬ್ಸನ್ ಹಾಡಿದ 'ಓಲ್ ಮ್ಯಾನ್ ರಿವರ್' ಕೇಳಿ. ಆ ಹಾಡಲ್ಲಿ ಬದುಕಿ ಸಾಕಾಗಿದೆ, ಸಾಯೋಕೆ ಭಯ ಅನ್ನೋ ಸಾಲಿತ್ತು. ಅದನ್ನು ಕಿತ್ತು ಹಾಕಿ, ಸಾಯೋ ತನಕ ಹೋರಾಡ್ತೀನಿ ಅಂತ ಮಾಡಿಕೊಂಡ.

1950ರಲ್ಲಿ ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. 1958ರ ತನಕ ಕೊಡಲಿಲ್ಲ. ಮಧ್ಯೆ 1957ರಲ್ಲಿ ಈತ ನ್ಯೂಯಾರ್ಕ್‌ನಲ್ಲಿ ನಿಂತು ಫೋನಿನಲ್ಲಿ ಹಾಡಿದ, ಸಮುದ್ರದ ಅಡಿಯ ಕೇಬಲ್‌ನಲ್ಲಿ ದನಿ ಬಂತು, ಇದೇ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್‌ನಲ್ಲಿ ಜನ ಕೂತು ಕೇಳಿದರು. ಮೈಸೂರಿಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮುಖ ಅರ್ಧಕ್ಕೇ ನಿಂತುಬಿಡುತ್ತದೆ ನನಗೆ, ಅದು ಬೇರೆ ಮಾತು, ಬೆಳಗ್ಗೆಯಿಂದ ಮೂರು ಸಲ ಆಯಿತು, ಊಟ ಆಯ್ತಾ ಅನ್ನೋದಷ್ಟೇ ಕೇಳಿಸಿದ್ದು.

ಎಲ್ಲಿದ್ದೆ? ಹಾಂ, ಫಲಕ. ಆ 1929 ಇದೆಯಲ್ಲ, ಆ ಅಕ್ಟೋಬರ್‌ನಲ್ಲಿ ಸವಾಯ್ ಹೋಟೆಲಿನ ಗ್ರಿಲ್ ರೂಮ್‌ಗೆ ಊಟಕ್ಕೆ ಹೋದ ರೋಬ್ಸನ್ ಅವರನ್ನು ಕರಿಯ ಅಂತ ಒಳಗೆ ಬಿಡಲಿಲ್ಲ. ಗಲಾಟೆಯಾಗಿ ಸಂಸತ್ತಿನ ತನಕ ಹೋಯಿತು. ಮುಂದಿನ ವರ್ಷ ಅದೇ ಹೋಟೆಲಿಗೆ ಅಂಟಿಕೊಂಡಂತಿರುವ ಸವಾಯ್ ಥಿಯೇಟರ್‌ನಲ್ಲಿ ಆತ ಒಥೆಲೊ, ಷೇಕ್ಸ್‌ಪಿಯರ್ ನಾಟಕದ ಕರಿಯ ನಾಯಕ. ಊಟಕ್ಕಿಲ್ಲದ ಬಾಗಿಲ ಪಕ್ಕದಲ್ಲೇ ಟಿಕೆಟ್ ಕೊಂಡು ನೋಡೋಕೆ ಜನ. ಇಷ್ಟೆಲ್ಲ ಆಗಿದ್ದು ಈ ಮನೆಯ ವರ್ಷಗಳಲ್ಲೇ. ಇನ್ನೊಂದು ಪದ ಹಾಕೋಕೆ ಜಾಗ ಇತ್ತು ಸ್ವಾಮಿ. ನೋಡಿ, ಎಷ್ಟು ನೀಲಿ ಖಾಲಿ ಇದೆ. ಪಾಪ ಅಂದದ್ದು ವಾಪಸ್, ಜಿಪುಣರೇ.

ಅಯ್ಯೋ, ಕಾರು ಬರುತ್ತಿದೆ, ನಾನು ದಾರಿಗೇ ಅಡ್ಡ ನಿಂತಿದ್ದೇನೆ. ಸಾರಿ ಸಾರಿ! ನಡೀರಿ, ಇದೇ ಹ್ಯಾಂಪ್‌ಸ್ಟೆಡ್‌ನ ವೇಲ್ ಆಫ್ ಹೆಲ್ತ್ ಅನ್ನೋ ಜಾಗದಲ್ಲಿ ಟಾಗೋರ್ 1912ರಲ್ಲಿ ಉಳಿದಿದ್ದ ಮನೆಗೂ ಇಂಥದ್ದೇ ಫಲಕ ಇದೆ, ಬ್ಯಾಟರಿ 9 ಪರ್ಸೆಂಟ್, ಬೇಗ ಬೇಗ.