ಹಳೇ ಚಪ್ಪಲಿ ಹಾಕಿಕೊಂಡೇ ಹೋಗಿ

ಕೇಳುಗರಿಗೆ ನಮಸ್ಕಾರ. ಪಾದದ ಡಾಕ್ಟರ ಹತ್ತಿರ ಹೋಗುವಾಗ ದಿನಾ ಹಾಕುವ ಹಳೇ ಚಪ್ಪಲಿಯಲ್ಲೇ ಹೋಗಿ. ಎಷ್ಟೋ ಜನ ನಾಚಿಕೊಂಡು, ಮದುವೆಗೆ ಹೊರಟ ಹಾಗೆ ಹೊಸದು ಹಾಕಿಕೊಂಡು ಬರುತ್ತಾರೆ. ಹೊಸ ಚಪ್ಪಲಿ ಏನೂ ಹೇಳುವುದಿಲ್ಲ. ಸವೆದ ಚಪ್ಪಲಿ ತಿರುಗಿಸಿ ನೋಡಿದರೆ ಮೈಭಾರ ಎಲ್ಲಿ ಜಾಸ್ತಿ ಬೀಳುತ್ತಿದೆ, ಹಿಮ್ಮಡಿಯ ಹೊರಮಗ್ಗುಲಿಗೋ ಹೆಬ್ಬೆರಳಿನ ಬುಡಕ್ಕೋ, ಅಂತ ತಿಳಿಯುತ್ತದೆ.

ಆಣಿ ಏಳುವುದೂ ಇದೇ ಲೆಕ್ಕದಲ್ಲಿ. ಒಂದೇ ಜಾಗಕ್ಕೆ ಒತ್ತಡ ಬಿದ್ದೂ ಬಿದ್ದೂ ಚರ್ಮ ಗಟ್ಟಿಯಾಗುತ್ತದೆ. ಒಳಗೆ ಬೇರಿದೆ, ಅದನ್ನು ಕಿತ್ತು ತೆಗೆಯಬೇಕು ಅಂತ ಜನ ನಂಬಿದ್ದಾರೆ. ಬೇರು ಇರುವುದಿಲ್ಲ. ಬ್ಲೇಡಿನಲ್ಲಿ ಕೆತ್ತಿಕೊಂಡರೆ ನಾಲ್ಕು ದಿನ ಹಾಯೆನಿಸುತ್ತದೆ, ಒತ್ತಡ ಹೋಗಿಲ್ಲವಲ್ಲ, ಮತ್ತೆ ಬರುತ್ತದೆ. ಆಣಿಗೆ ಅಂಟಿಸಲು ಮೆಡಿಕಲ್ ಶಾಪಿನಲ್ಲಿ ಸಿಗುವ ಕಾರ್ನ್ ಕ್ಯಾಪ್ ಪಟ್ಟಿಯಲ್ಲಿ ಇರುವುದು ಸ್ಯಾಲಿಸಿಲಿಕ್ ಆಸಿಡ್. ಅದು ಪಕ್ಕದ ಒಳ್ಳೇ ಚರ್ಮವನ್ನೂ ಸುಡಬಹುದು. ಶುಗರ್ ಇರುವವರಂತೂ ಅದರ ತಂಟೆಗೇ ಹೋಗಬಾರದು.

ಹಿಮ್ಮಡಿ ನೋವಿನವರೂ ಬಹಳ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಜೀವ ಹೋಗುತ್ತದೆ, ಸ್ವಲ್ಪ ಓಡಾಡಿದ ಮೇಲೆ ಕಡಿಮೆ. ಹಿಮ್ಮಡಿಯಿಂದ ಬೆರಳಿನ ಕಡೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಸಾಮಾನ್ಯವಾಗಿ ನೋಯುವುದು ಅದು. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂದ ತಕ್ಷಣ ಆಪರೇಷನ್ನೇ ಗತಿ ಅಂದುಕೊಳ್ಳಬೇಡಿ, ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮೂಳೆ ಇರುತ್ತದೆ. ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡಬೇಡಿ. ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು.

ಆದರೆ ಶುಗರ್ ಇರುವವರಲ್ಲಿ ನೋವೇ ಗೊತ್ತಾಗದ ಕಾಲಿಗೆ ನಾನು ಜಾಸ್ತಿ ಹೆದರುತ್ತೇನೆ. ಬೇಸಿಗೆ ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ, ಮನೆಗೆ ಬಂದು ನೋಡಿದರೆ ಅಂಗಾಲಿನ ತುಂಬಾ ಬೊಬ್ಬೆ. ಸುಟ್ಟಿದ್ದೇ ಗೊತ್ತಾಗಿರುವುದಿಲ್ಲ. ಊದಿದ ಬೆರಳಿಗೆ ಕಾಲುಂಗುರ ಕಚ್ಚಿಕೊಂಡಿದ್ದರೂ ಹಾಗೇ. ಉಂಗುರ ತೆಗೆಯಲು ಮನಸ್ಸು ಬಾರದಿದ್ದರೆ ಸಡಿಲ ಮಾಡಿಸಿಯಾದರೂ ಹಾಕಿಕೊಳ್ಳಿ ತಾಯಿ.

ಸ್ಪರ್ಶ ಪರೀಕ್ಷೆ ಸುಲಭ. ನಿಮ್ಮ ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, ಗೊತ್ತಾಯಿತಾ ಅಂತ ಕೇಳುತ್ತಾರೆ. ಮುಟ್ಟಿದ್ದು ತಿಳಿಯದಿದ್ದರೆ ಸುಮ್ನೆ ಹೂಂ ಅನ್ನಬೇಡಿ, ಅಲ್ಲಿ ಪಾಸಾಗಿ ಏನು ಮಾಡುತ್ತೀರಿ! ಪಾದದ ನಾಡಿ ನೋಡಿ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತಲೂ ಪರೀಕ್ಷಿಸುತ್ತಾರೆ. ಸ್ಪರ್ಶ ಕಡಿಮೆ ಇದ್ದರೆ ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್ ಚಪ್ಪಲಿ ಬರೆದುಕೊಡುತ್ತಾರೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಯವರು ಬಳಕೆಗೆ ತಂದ ಮೆತ್ತನೆ ರಬ್ಬರಿನ ಚಪ್ಪಲಿ ಅದು. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ.

ಎಲ್ಲಿಗೆ ಹೋಗುವುದು ಅಂತೀರಾ? ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮಧುಮೇಹ ಸಂಸ್ಥೆಯಲ್ಲಿ ಪಾದಕ್ಕೇ ಒಂದು ವಿಭಾಗ ಇದೆ. ನಮ್ಮ ಊರುಗಳಲ್ಲಿ ಇಂಥ ಡಾಕ್ಟರು ಕಡಿಮೆ. ಹಾಗಾಗಿ ಜಿಲ್ಲಾಸ್ಪತ್ರೆಯ ಸರ್ಜನ್ ಅಥವಾ ನಿಮ್ಮ ಶುಗರ್ ಡಾಕ್ಟರಿಗೇ ಕಾಲು ತೋರಿಸಿ. ಅವರು ಕೇಳಲಿ ಅಂತ ಕಾಯಬೇಡಿ, ನೀವೇ ಚಪ್ಪಲಿ ಬಿಟ್ಟು ಪಾದ ಮುಂದಿಡಿ.

ಉಗುರಿನ ಮೂಲೆ ಒಳಗೆ ಕತ್ತರಿಸಬೇಡಿ, ನೇರವಾಗಿ ಕತ್ತರಿಸಿ. ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಿಕೊಳ್ಳಿ. ಶುಗರ್ ಇದ್ದು ಪಾದ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ, ನೋವಿಲ್ಲದಿದ್ದರೂ ಸರಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಮಸ್ಕಾರ.