ಗೀಡೊ ಗೆಜೆಲ್ಲೆ: ಊರ ಮಾತಲ್ಲೇ ಪದ್ಯ ಬರೆದ ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಬೆಲ್ಜಿಯಂನಲ್ಲಿ ಆಗ ಓದಿದ ದೊಡ್ಡೋರ ಭಾಷೆ ಫ್ರೆಂಚ್, ಇವರ ಕಡೆ ಊರ ಜನರದ್ದು ಫ್ಲೆಮಿಷ್, ಅಂದ್ರೆ ಡಚ್ ಭಾಷೆಯ ಅಲ್ಲಿನ ರೂಪ; ಆ ಜಗಳಾನ ಇಲ್ಲಿ ಎಳೆಯಲ್ಲ, ಸೀದಾ ಫ್ಲೆಮಿಷ್ ಕವಿ ಗೆಜೆಲ್ಲೆ ಹತ್ರ ಹೋಗ್ತೀನಿ. ಬ್ರೂಜ್‌ನಲ್ಲಿ 1830ರಲ್ಲಿ ಹುಟ್ಟಿದ್ದು, ಅಪ್ಪ ತೋಟದ ಮಾಲಿ. ಫೀಸಿಗೆ ದುಡ್ಡಿಲ್ದೆ ರೂಸೆಲಾರೆ ಅನ್ನೋ ಊರಿನ ಸೆಮಿನರಿ ಸ್ಕೂಲಲ್ಲಿ, ಅಂದ್ರೆ ಪಾದ್ರಿಯಾಗೋರನ್ನ ತಯಾರು ಮಾಡೋ ಸ್ಕೂಲಲ್ಲಿ, ಬಾಗಿಲು ಕಾಯೋ ಕೆಲಸ ಮಾಡ್ಕೊಂಡೇ ಓದಿದ್ರು, 1854ರಲ್ಲಿ ಪಾದ್ರಿಯಾಗಿ ಅದೇ ಸ್ಕೂಲಿಗೇ ಮೇಷ್ಟ್ರಾಗಿ ವಾಪಸ್ ಬಂದ್ರು.

ಈಗ ಒಂದು ಹುಳದ ವಿಷ್ಯ ಹೇಳ್ಬೇಕು, ಇದು ನನಗೆ ಭಾಳ ಇಷ್ಟ. ನಿಂತ ನೀರಿನ ಮೇಲೆ ಗಿರಗಿರ ಸುತ್ತುತ್ತಲ್ಲ, ಮಿರಮಿರ ಮಿಂಚೋ ಸಣ್ಣ ಕರಿ ಹುಳ, ನೋಡಿದೀರಲ್ವಾ? ಅದಕ್ಕೆ ಆ ಕಡೆ ಜನ ಇಟ್ಟ ಹೆಸರು 'ಪುಟ್ಟ ಬರಹಗಾರ' ಅಂತ. 1857ರಲ್ಲಿ ಈ ಮೇಷ್ಟ್ರು ಅದನ್ನೇ ಕೂರಿಸ್ಕೊಂಡು ಕೇಳ್ತಾರೆ, ಏನಪ್ಪಾ ಬರೀತೀಯ, ಬರೆದದ್ದು ಬರೆದ ಹಾಗೇ ಅಳಿಸಿ ಹೋಗ್ತಿದೆ, ಮೀನಿನ ಬಗ್ಗೆನಾ, ಹುಲ್ಲಿನ ಬಗ್ಗೆನಾ, ಕಲ್ಲಿನ ಬಗ್ಗೆನಾ ಅಂತ ಒಂದೇ ಸಮ ಕೇಳ್ತಾನೇ ಇರ್ತಾರೆ, ಕೊನೆಗೆ ಹುಳ ಹೇಳುತ್ತೆ, ನಾವು ಬರೆಯೋದು ದೇವರ ಹೆಸರು, ಅದನ್ನೇ ಮತ್ತೆ ಮತ್ತೆ ಬರೀತೀವಿ ಅಂತ. ನೋಡಿ, ಜನ ಇಟ್ಟ ಆ ಹೆಸರಿಲ್ದೇ ಇದ್ರೆ ಈ ಪದ್ಯಾನೇ ಇಲ್ಲ! ನಾನು ಪದೇಪದೇ ಹೇಳೋದು ಇದನ್ನೇ, ಊರ ಮಾತಲ್ಲೇ ಕಾವ್ಯ ಆಗ್ಲೇ ಇದೆ, ಕಿವಿ ಇರೋನು ಬೇಕಷ್ಟೇ.

ಮೇಲಿನ ತರಗತಿಗಳ ಪಾಠವೆಲ್ಲ ಫ್ರೆಂಚಲ್ಲಿ ನಡೀತಿದ್ದ ಕಾಲ ಅದು, ಇವರು ಹುಡುಗರ ಕೈಲಿ ಫ್ಲೆಮಿಷ್‌ನಲ್ಲಿ ಪದ್ಯ ಬರೆಸ್ತಿದ್ರು, ಹುಡುಗರಿಗೋಸ್ಕರ ತಾವೂ ಬರೀತಿದ್ರು. 1858ರಲ್ಲಿ ಒಬ್ಬ ಶಿಷ್ಯ ತೀರಿಕೊಂಡ. ಅವನ ಹಳ್ಳಿಗೆ, ಮಣ್ಣಿಗೆ, ಕ್ಲಾಸಿನ ಹುಡುಗರೂ ಮೇಷ್ಟ್ರೂ ಹೋಗಿ ಬಂದ್ರು, ಅದರಿಂದ ಹುಟ್ಟಿದ್ದು 'ಕೆರ್ಕ್‌ಹೋಫ್‌ಬ್ಲೊಮ್ಮನ್', ಅಂದ್ರೆ ಸಮಾಧಿಯ ಹೂಗಳು. ಹುಡುಗರನ್ನ ಇಷ್ಟು ಹಚ್ಕೊಂಡಿದ್ದು, ಈ ರೀತಿ ಪಾಠ ಮಾಡಿದ್ದು ಮೇಲಿನವರಿಗೆ ಸರಿ ಕಾಣಲಿಲ್ಲ, 1860ಕ್ಕೆ ರೂಸೆಲಾರೆ ಬಿಡಬೇಕಾಯ್ತು. ನನಗೆ ಇವತ್ತಿಗೂ ಅದು ಸಂಕಟ. ಆಮೇಲೆ ವರ್ಷಗಟ್ಟಲೆ ಕವಿತೆ ಹೆಚ್ಚುಕಮ್ಮಿ ನಿಂತೇಹೋಯ್ತು.

ಆದ್ರೆ ಕಿವಿ ಮುಚ್ಚಲಿಲ್ಲ ನೋಡಿ. ರೈತರು, ಮನೆ ಹೆಂಗಸರು ಆಡೋ ಮಾತನ್ನ ಚೀಟಿಗಳಲ್ಲಿ ಬರೆದು ಕೂಡಿಟ್ರು, ಸುಮಾರು 1,50,000 ಚೀಟಿ! ಅದಕ್ಕೇ ಅಂತ 1881ರಲ್ಲಿ 'ಲೊಕ್ವೆಲಾ' ಪತ್ರಿಕೆ ಶುರು ಮಾಡಿದ್ರು.

ಟೈಮ್ ಆಗೋಯ್ತು ಅಂತ ಚೀಟಿ ಬಂತು. 'ಟೈಡ್‌ಕ್ರಾನ್ಸ್' 1893, 'ರೈಮ್‌ಸ್ನೂರ್' 1897, ಮತ್ತೆ ಕವಿತೆಗೆ ಬಂದು ಕೋರ್ಟ್ರೈಕ್ ಊರಲ್ಲಿದ್ದಾಗ ತಂದ ಈ ಎರಡೂ ದೊಡ್ಡ ಕವನ ಸಂಕಲನಗಳ ಬಗ್ಗೆ ಹೇಳೋಕಾಗಲ್ಲ, ಕ್ಷಮಿಸಿ. ಒಂದೇ ಒಂದು ಮಾತು. 1899ರ ನವೆಂಬರಲ್ಲಿ ಬ್ರೂಜ್‌ನಲ್ಲಿ ತೀರಿಕೊಳ್ಳೋ ಹೊತ್ತಿಗೆ, ಹಕ್ಕಿಗಳು ಸಿಳ್ಳೆ ಹಾಕೋದು ಕೇಳೋಕೆ ನನಗೆಷ್ಟು ಇಷ್ಟ ಇತ್ತು ಅಂದ್ರಂತೆ. ಸಿಳ್ಳೆಗೆ ಅವರು ಬಳಸಿದ ಪದ 'ಸ್ಖೌಫೆಲೆನ್'. ಪುಸ್ತಕದ ಡಚ್‌ನಲ್ಲಿ ಅದಕ್ಕೆ ಕಾಲೆಳೆದು ನಡೆಯೋದು ಅಂತ ಅರ್ಥ, ಹಕ್ಕಿ ಸಿಳ್ಳೆ ಅನ್ನೋ ಅರ್ಥ ಇರೋದು ಅವರ ಊರ ಕಡೆ ಮಾತಲ್ಲಿ.